ಗಂಟು ಕಾಣದ ಕಟ್ಟು

ಬೆಳಗಿನ ಆರು ಗಂಟೆಗೆ ಹುಡುಗಿ ಬೋಟಿನ ಬೆಂಚುಗಳನ್ನು ಒರೆಸುತ್ತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ, ಹೆಗಲ ಮೇಲೆ ಒಣ ಬಟ್ಟೆ. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ, ಆಮೇಲೆ ಕಂಬಿಗಳು, ಕೊನೆಗೆ ಸ್ಟೀರಿಂಗ್ ಚಕ್ರ. ಶಾಲೆ ಬಿಟ್ಟಂದಿನಿಂದ, ಅಂದರೆ ಏಳು ವರ್ಷದಿಂದ, ಈ ಕ್ರಮ ಒಂದು ದಿನವೂ ತಪ್ಪಿರಲಿಲ್ಲ. ಇವತ್ತು ಎಡಗೈಯಲ್ಲಿ ಒರೆಸುತ್ತಿದ್ದಳು, ಅಷ್ಟೇ ವ್ಯತ್ಯಾಸ. ಬಲಗೈಯ ಮಣಿಕಟ್ಟು ಊದಿಕೊಂಡು ಆರು ದಿನವಾಗಿತ್ತು. ಅದನ್ನು ಉದ್ದ ತೋಳಿನ ಅಂಗಿಯೊಳಗೆ ಮುಚ್ಚಿಟ್ಟಿದ್ದಳು.

ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ಮಾತಾಡುತ್ತಿದ್ದುದು ಅಷ್ಟರಲ್ಲೇ ಇತ್ತು. ಬಾಯಿ ಮುಚ್ಚಿಕೊಂಡು, ಕಣ್ಣು ಬಿಟ್ಟುಕೊಂಡು ಬೆಳೆದ ಹುಡುಗಿಗೆ ಮನೆಯವರು ಇಟ್ಟ ಹೆಸರು ಗೂಬೆಮರಿ. ಬೋಟುಗಳು ನಿಲ್ಲುವ ಕಟ್ಟೆಯ, ಅಂದರೆ ಜೆಟ್ಟಿಯ, ಜನರ ಬಾಯಲ್ಲೂ ಅದೇ ಉಳಿದುಬಿಟ್ಟಿತ್ತು.

ಚಕ್ರ ಒರೆಸಲು ಬಟ್ಟೆ ಇಟ್ಟಳು. ಚಕ್ರ ಗಿರ್ರನೆ ತಿರುಗಿತು.

ಎರಡು ಕೈ ಹಾಕಿ ಹಲ್ಲು ಕಚ್ಚಿದರೂ ಮಣಿಯದ ಚಕ್ರ ಅದು. ಈಗ ಒಂದು ಬೆರಳಿಗೆ ಬುಗುರಿಯ ಹಾಗೆ ಸುತ್ತುತ್ತಿದೆ. ಯಾಕೆ?

ಚಕ್ರದ ಹಿಂದಿನ ಉರುಳೆಗೆ ಸುತ್ತಿದ ಉಕ್ಕಿನ ವಯರು ಬೋಟಿನ ಎರಡೂ ಪಕ್ಕದ ರಾಟೆಗಳ ಮೇಲೆ ಹಾದು, ಹಿಂಬದಿಯ ಎಂಜಿನ್ನಿಗೆ ಹೋಗಿ ಸೇರುತ್ತಿತ್ತು. ಚಕ್ರ ತಿರುಗಿಸಿದರೆ ವಯರು ಎಳೆಯುತ್ತದೆ, ಎಂಜಿನ್ ವಾಲುತ್ತದೆ, ಬೋಟು ತಿರುಗುತ್ತದೆ. ಅವಳು ಬಲಪಕ್ಕದ ವಯರನ್ನು ಕೈಯಿಂದ ಸವರುತ್ತ ಹಿಂದಕ್ಕೆ ಹೋದಳು. ಸರಿಯಾಗಿತ್ತು. ಎಡಪಕ್ಕಕ್ಕೆ ಬಂದಳು. ಕೊನೆಯ ಬೆಂಚಿನ ತುದಿಯಲ್ಲಿ, ಕುಳಿತವರ ಮೊಣಕೈಗೆ ತಾಗುವ ಕಡೆ, ವಯರು ಎರಡು ತುಂಡಾಗಿ ಜೋತುಬಿದ್ದಿತ್ತು.

ಸವೆದು ಹರಿದದ್ದಲ್ಲ. ಕತ್ತರಿಸಿದ್ದು. ಎರಡು ತುದಿಗಳೂ ನೀಲಿ ದಾರದ ಸುತ್ತಿನಲ್ಲಿ ಅಚ್ಚುಕಟ್ಟಾಗಿ ಕುಳಿತಿದ್ದವು. ನಡುವೆ ಬೆಳಕು ಹೊಳೆಯುವಷ್ಟು ನೇರವಾದ ಕಡಿತ.

ಅವಳು ಓಡಿಹೋಗಿ ಮಾಮನನ್ನು ಎಬ್ಬಿಸಿದಳು.

ಮಾಮ ಅಂದರೆ ಅತ್ತೆಯ ಗಂಡ, ಜೆಟ್ಟಿಯ ಪಕ್ಕದ ಶೆಡ್ಡಿನ ಮೆಕ್ಯಾನಿಕ್. ಮದುವೆಯಾದ ಮೇಲೆ ಇದೇ ಮನೆಯಲ್ಲಿ ಉಳಿದವರು. ಅಪ್ಪ ಅಮ್ಮ ಇಬ್ಬರೂ ದೊಡ್ಡ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದು, ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದುದರಿಂದ, ಹುಡುಗಿಗೆ ಸ್ಪ್ಯಾನರ್ ಹಿಡಿಯುವುದರಿಂದ ಹಿಡಿದು ಬೋಟು ಓಡಿಸುವ ಲೈಸೆನ್ಸ್ ಪರೀಕ್ಷೆಯವರೆಗೆ ಎಲ್ಲವನ್ನೂ ಕಲಿಸಿದ್ದು ಇವರೇ.

ಮಾಮ ಬಂದು ವಯರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಆಮೇಲೆ ಹುಡುಗಿಯ ಮುಖ ನೋಡಿದರು. ಅವಳ ಬಲಗೈಯ ತೋಳಿನ ಕಡೆಗೂ ಒಂದು ಸಲ ಕಣ್ಣು ಹೋಯಿತು. ಜೇಬಿನಿಂದ ಎಣ್ಣೆಬಟ್ಟೆ ತೆಗೆದು ಎರಡೂ ತುದಿಗಳ ಮೇಲೆ ಸುತ್ತಿಬಿಟ್ಟರು.

ಅಷ್ಟರಲ್ಲಿ ಮನೆಯವರೆಲ್ಲ ಜೆಟ್ಟಿಗೆ ಬಂದಾಗಿತ್ತು. ಮೊದಲು ಅಜ್ಜಿ. ಜೆಟ್ಟಿಯ ಮೇಲಿನ ಚಹಾದ ಕಿಟಕಿ ಅವಳದು, ನಾಲಿಗೆಯೂ ಆ ಚಹಾದಷ್ಟೇ ಬಿಸಿ. ಹಿಂದೆ ಅವಳ ಮಗಳು, ಅಂದರೆ ಅತ್ತೆ, ಬೋಟುಗಳ ಸೀಟು ಹೊಲಿಯುವವಳು. ಎಲ್ಲರ ಹಿಂದೆ ತಾತ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತ. ನಲವತ್ತು ವರ್ಷ ಈ ಬೋಟಿನ ಚಕ್ರ ಹಿಡಿದವರು. ಅವರು ಬಗ್ಗಿ ಒಂದು ಸಲ ನೋಡಿದರು. "ಹೂಂ" ಎಂದರು. ಹೋಗಿ ಹಗ್ಗ ಕಟ್ಟುವ ಕಲ್ಲಿನ ಮೇಲೆ ಕುಳಿತರು.

"ಇನ್ಯಾರು ಮಾಡ್ತಾರೆ? ಮೊನ್ನೆ ತಾನೇ ತಟ್ಟೆ ಮುಂದೆ ಕೂತ್ಕೊಂಡು ಹೇಳಿದ್ರಲ್ಲ ಅಳಿಯಂದಿರು, ಆ ವಯರನ್ನ ನಾನೇ ಕತ್ತರಿಸಿ ನೀರಿಗೆ ಎಸೀತೀನಿ ಅಂತ" ಎಂದಳು ಅಜ್ಜಿ.

ಎಲ್ಲರೂ ಮಾಮನ ಕಡೆ ತಿರುಗಿದರು. ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾಮ ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಶೆಡ್ಡಿನ ಕಡೆ ನಡೆದುಬಿಟ್ಟರು.

ಇದೆಲ್ಲದರ ಬೇರು ಶೆಡ್ಡಿನ ಮೂಲೆಯ ಒಂದು ರಟ್ಟಿನ ಪೆಟ್ಟಿಗೆಯಲ್ಲಿತ್ತು. ಎರಡು ವರ್ಷದ ಹಿಂದೆ ಬೋಟಿಗೆ ಮೊದಲಿನದರ ಎರಡರಷ್ಟು ಬಲದ ಎಂಜಿನ್ ಹಾಕಿದ್ದರು. ಸ್ಟೀರಿಂಗ್ ಮಾತ್ರ ತಾತ ತಮ್ಮ ಕೈಯಾರೆ ಜೋಡಿಸಿದ ಅದೇ ಹಳೆಯ ವಯರು, ಅದೇ ರಾಟೆ. ಎತ್ತು ದೊಡ್ಡದಾಯಿತು, ಮೂಗುದಾರ ಇನ್ನೂ ಕರುವಿನದೇ ಎಂದು ಮಾಮ ಆಗಾಗ ಗೊಣಗುತ್ತಿದ್ದರು. ಎದುರುಗಾಳಿ ಇದ್ದ ದಿನ ಅಲೆ ಎಂಜಿನ್ನಿಗೆ ಬಡಿದರೆ ಚಕ್ರ ಕೈಯಲ್ಲಿ ಒದೆಯುತ್ತಿತ್ತು. ಆ ಒದೆತಕ್ಕೆ ತಾತನ ಭುಜ ಜಾರಿತ್ತು. ಈ ತಿಂಗಳು ಮುಗಿದ ಮೇಲೆ ಚಕ್ರ ಮುಟ್ಟಕೂಡದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಇನ್ನು ಉಳಿದಿದ್ದುದು ಇಪ್ಪತ್ತು ದಿನ.

ತಾತನ ನಂತರ ಚಕ್ರ ಹಿಡಿಯಬೇಕಾದವಳು ಗೂಬೆಮರಿ. ಲೈಸೆನ್ಸ್ ಬಂದು ಮೂರು ತಿಂಗಳಾಗಿತ್ತು. ಆಚೆ ದಡದ ಆಸ್ಪತ್ರೆಗೆ ಹೋಗುವ ನರ್ಸುಗಳನ್ನೂ ಶಾಲೆಗೆ ಹೋಗುವ ಮೇಡಂಗಳನ್ನೂ ಕೂರಿಸಿಕೊಂಡು ಏಳು ಗಂಟೆಯ ಟ್ರಿಪ್ ತಾನೇ ಹೊರಡಿಸುವುದು — ಅದನ್ನು ಅವಳು ಎಷ್ಟು ಬಯಸಿದ್ದಳೆಂದು ಯಾರಿಗೂ ಹೇಳಿರಲಿಲ್ಲ. ಆದರೆ ಆ ಚಕ್ರ ಅವಳ ಕೈಗೆ ಬಗ್ಗಬೇಕಲ್ಲ?

ಅದಕ್ಕೆಂದೇ ಮಾಮ ಗೆಳೆಯನ ಅಂಗಡಿಯಿಂದ ಹೈಡ್ರಾಲಿಕ್ ಸ್ಟೀರಿಂಗ್ ತಂದಿದ್ದರು. ಪೆಟ್ಟಿಗೆ ಒಡೆಯದಿದ್ದರೆ ವಾಪಸು ಕೊಡಬಹುದು ಎಂಬ ಕರಾರು. ಚಕ್ರದ ಹಿಂದೆ ಒಂದು ಪಂಪು, ಎಂಜಿನ್ನಿನ ಹತ್ತಿರ ಒಂದು ಸಿಲಿಂಡರು, ನಡುವೆ ಎಣ್ಣೆ ತುಂಬಿದ ಎರಡು ಕೊಳವೆ. ಕಿರುಬೆರಳಲ್ಲಿ ತಿರುಗಿಸಬಹುದು, ಅಲೆ ಎಷ್ಟು ಬಡಿದರೂ ಚಕ್ರ ಬಿಟ್ಟ ಕಡೆಯೇ ನಿಲ್ಲುತ್ತದೆ ಎಂದು ಮಾಮ ಊಟದ ಹೊತ್ತಿನಲ್ಲಿ ಲೋಟ ಚಮಚ ಜೋಡಿಸಿ ತೋರಿಸಿದ್ದರು. ತಾತ ಒಪ್ಪಿರಲಿಲ್ಲ. ವಯರು ನೀರಿನ ಗುಣವನ್ನು ಕೈಗೆ ತಿಳಿಸುತ್ತದೆ, ಎಣ್ಣೆ ತಿಳಿಸುವುದಿಲ್ಲ. ವಯರು ಹೋದರೆ ನಡುನೀರಿನಲ್ಲಿ ಗಂಟು ಹಾಕಿಕೊಂಡು ಬರಬಹುದು, ಎಣ್ಣೆ ಸೋರಿದರೆ ಏನನ್ನು ಗಂಟು ಹಾಕುವುದು? ಹೀಗೆ ವಾದ ಬೆಳೆದು, ಹತ್ತು ದಿನದ ಹಿಂದೆ ಅಜ್ಜಿಯ ಕಿಟಕಿಯ ಮುಂದೆ, ಜೆಟ್ಟಿಯವರೆಲ್ಲ ಚಹಾ ಹಿಡಿದು ನಿಂತಿದ್ದಾಗ, ತಾತ ಕಟ್ಟಿಗೆಯ ಹಲಗೆ ಕುಟ್ಟಿ ಹೇಳಿದ್ದರು: "ಆ ವಯರು ತುಂಡಾಗೋವರೆಗೂ ನನ್ನ ಬೋಟಿಗೆ ಬೇರೆ ಸ್ಟೀರಿಂಗ್ ಹತ್ತಲ್ಲ. ಇದು ನನ್ನ ಮಾತು."

ಈಗ ವಯರು ತುಂಡಾಗಿತ್ತು.

ಅಂದಿನ ಏಳರ ಟ್ರಿಪ್ಪನ್ನು ಜೆಟ್ಟಿಯ ಅಧಿಕಾರಿ ಕೆಂಪು ಟೋಪಿಗೆ ಕೊಟ್ಟರು. ಕೆಂಪು ಟೋಪಿ ಎಂದರೆ ಪಕ್ಕದ ಕಟ್ಟೆಯಲ್ಲಿ ಹೊಸ ಬೋಟು ಇಟ್ಟುಕೊಂಡು, ಈ ಟ್ರಿಪ್ಪಿನ ಮೇಲೆ ವರ್ಷದಿಂದ ಕಣ್ಣಿಟ್ಟ ಮನುಷ್ಯ. ಗುರುವಾರ ಬೆಳಿಗ್ಗೆ ತಪಾಸಣೆ, ಅಷ್ಟರಲ್ಲಿ ಬೋಟು ಸರಿಯಾಗದಿದ್ದರೆ ಟ್ರಿಪ್ ಪೂರ್ತಿ ಅವನಿಗೇ ಎಂದು ಅಧಿಕಾರಿ ಹೇಳಿಹೋದರು. ಅಂದು ಸೋಮವಾರ.

ಶೆಡ್ಡಿನಲ್ಲಿ ಮಾಮ ತಮ್ಮ ಸಾಮಾನುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದರು. ಅಣ್ಣನ ಊರಿಗೆ ಹೋಗುವುದಾಗಿ ಅತ್ತೆಗೆ ಹೇಳಿದ್ದರಂತೆ. ಹೋದವರು ಬರುವ ದನಿ ಅದಾಗಿರಲಿಲ್ಲ.

ಹುಡುಗಿ ಬಾಗಿಲಲ್ಲಿ ನಿಂತು ನೋಡಿದಳು. ಮಾಮ ಸುಳ್ಳು ಆರೋಪವನ್ನು ನುಂಗಿಕೊಳ್ಳುವವರಲ್ಲ. ಆಟದಲ್ಲಿ ಒಂದು ಕಾಯಿ ತಪ್ಪು ಎಣಿಸಿದರೂ ಅರ್ಧ ಗಂಟೆ ಜಗಳ ಕಾಯುವವರು. ಇವತ್ತು ಯಾಕೆ ಬಾಯಿಗೆ ಬೀಗ? ಆ ಬಟ್ಟೆಯನ್ನು ಯಾಕೆ ಸುತ್ತಿದರು?

ಅವಳಿಗೆ ಹೊರಗಿನವರ ಜೊತೆ ಮಾತಾಡುವುದೆಂದರೆ ಮೈ ಬೆವರುತ್ತಿತ್ತು. ಆದರೂ ಕೆಂಪು ಟೋಪಿ ಟ್ರಿಪ್ ಮುಗಿಸಿ ಬಂದಾಗ ಅವನ ಬೋಟಿನ ಪಕ್ಕ ಹೋಗಿ ನಿಂತಳು.

"ನಿನ್ನೆ ಸಂಜೆ ಎಲ್ಲಿದ್ರಿ?"

"ಅರೆ, ಗೂಬೆಮರಿಗೆ ಮಾತು ಬರುತ್ತೆ." ಅವನ ಒಂದು ಕೆನ್ನೆ ಬನ್ನಿನಂತೆ ಊದಿತ್ತು. "ಹಲ್ಲು ಕೀಳಿಸ್ಕೊಳ್ತಾ ಇದ್ದೆ. ನೋಡು ಬೇಕಾದ್ರೆ."

"ನಮ್ಮ ಟ್ರಿಪ್ ನಿಮಗೆ ಬೇಕಿತ್ತಲ್ವಾ?"

"ಬೇಕಿತ್ತು. ಸುಳ್ಯಾಕೆ ಹೇಳಲಿ? ಆದ್ರೆ ನಿಮ್ಮ ತಾತನ ಭುಜ ಹೋಗಿದೆ, ನಿನ್ನ ಕೈಗೆ ಆ ಚಕ್ರ ಬಗ್ಗಲ್ಲ. ಇಪ್ಪತ್ತು ದಿನ ಸುಮ್ಮನೆ ಕೂತಿದ್ರೆ ತಾನಾಗೇ ಬಂದು ಬೀಳ್ತಿತ್ತು. ವಯರು ಕಡಿದು ನಾನ್ಯಾಕೆ ಹೊಸ ಸ್ಟೀರಿಂಗಿಗೆ ದಾರಿ ಮಾಡ್ಕೊಡ್ಲಿ?"

ಅದು ಸರಿಯಾದ ಮಾತು. ಅವಳು ಅವನ ಬೋಟನ್ನು ನೋಡಿದಳು. ಹಗ್ಗ, ವಯರು, ಕೊಳವೆ ಎಲ್ಲವನ್ನೂ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದಿದ್ದ. ದಾರದ ಒಂದು ಸುತ್ತು ಎಲ್ಲೂ ಇರಲಿಲ್ಲ.

ಅತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು, ಹೊಲಿಯುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತು. ಯಂತ್ರವೂ ಶೆಡ್ಡಿನಲ್ಲೇ, ಮಾಮನ ಮೇಜಿಗೆ ಬೆನ್ನು ಕೊಟ್ಟಂತೆ ಇತ್ತು. ಆದರೆ ಇವತ್ತು ಎರಡು ಬೆನ್ನುಗಳ ನಡುವೆ ಒಂದು ಊರಿನಷ್ಟು ದೂರ.

"ಅತ್ತೆ, ನೀಲಿ ದಾರ ನಿಮ್ಮದೇ ಅಲ್ವಾ?"

"ನನ್ನದೇ. ಸೀಟು ಹೊಲಿಯೋದು. ನಿನ್ನೆ ಸಂಜೆ ಯಂತ್ರದ ಮೇಲೇ ಬಿಟ್ಟು ಹೋಗಿದ್ದೆ."

"ಬೆಳಿಗ್ಗೆ?"

ಅತ್ತೆ ಸ್ವಲ್ಪ ಯೋಚಿಸಿದಳು. "ಡ್ರಾಯರಿನಲ್ಲಿತ್ತು."

"ಯಾರಿಟ್ರು?"

"ನಾನಂತೂ ಇಡಲ್ಲ. ಯಾವತ್ತು ಸಾಮಾನು ಜಾಗಕ್ಕೆ ಇಟ್ಟಿದ್ದೀನಿ? ಇಟ್ಟಿದ್ರೆ ನಿಮ್ಮ ಮಾಮ ಖುಷಿಯಿಂದ ಕುಣೀತಿದ್ರು." ನಗಲು ಹೋದವಳು ಮುಖ ಆಚೆ ತಿರುಗಿಸಿದಳು.

ಸಂಜೆ ಶೆಡ್ಡಿಗೆ ಯಾರು ಯಾರು ಬಂದಿದ್ದರು ಎಂಬುದನ್ನು ಹುಡುಗಿ ಅಜ್ಜಿಯ ಕಿಟಕಿಯಲ್ಲಿ ತಿಳಿದುಕೊಂಡಳು. ಆ ಕಿಟಕಿಗೆ ಕಾಣದೆ ಜೆಟ್ಟಿಯ ಇರುವೆಯೂ ಓಡಾಡುವಂತಿಲ್ಲ. ಐದಕ್ಕೆ ಅತ್ತೆ ಮನೆಗೆ ಹೋದಳು. ಆರರವರೆಗೆ ತಾತ ಇದ್ದರು, ದಿನದಂತೆ ಬಾಗಿಲು ಹಾಕಿ ಬಂದರು. ಪೇಟೆಗೆ ಹೋಗಿದ್ದ ಮಾಮ ಏಳಕ್ಕೆ ಬಂದು ಹತ್ತು ನಿಮಿಷ ಒಳಗಿದ್ದರು. ಹತ್ತು ನಿಮಿಷ ಸಾಕಲ್ಲ, ಎಂದಳು ಅಜ್ಜಿ. ವಯರು ಕತ್ತರಿಸುವ ದೊಡ್ಡ ಕಟರು ಬೆಳಿಗ್ಗೆ ಅವರ ಪೆಟ್ಟಿಗೆಯ ಮೇಲೇ ಬಿದ್ದಿತ್ತು, ಇನ್ನೇನು ಸಾಕ್ಷಿ ಬೇಕು ಎಂದೂ ಸೇರಿಸಿದಳು. ಹೇಳುವಾಗ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅಳಿಯನಿಗೆಂದು ಎತ್ತಿಟ್ಟ ಚಹಾ ಪಕ್ಕದಲ್ಲೇ ತಣ್ಣಗಾಗಿ ಕೆನೆಗಟ್ಟಿತ್ತು.

ಹುಡುಗಿ ಹೋಗಿ ಆ ಕಟರನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಹಿಡಿಕೆ ಮುಟ್ಟಿ ಬೆರಳು ಮೂಸಿದಳು. ಆಮೇಲೆ ಬೋಟಿಗೆ ಇಳಿದು, ಕೊನೆಯ ಬೆಂಚಿನ ಮೇಲೆ ತುಂಬಾ ಹೊತ್ತು ಕುಳಿತಳು. ವಯರಿನ ಮೇಲಿದ್ದ ಎಣ್ಣೆಬಟ್ಟೆಯನ್ನು ಬಿಚ್ಚಿ, ದಾರದ ಕಟ್ಟನ್ನು ಉಗುರಿನಿಂದ ಸವರಿದಳು.

ಅವಳಿಗೆ ಗೊತ್ತಾಯಿತು. ಹೇಳಿದರೆ ಒಬ್ಬರ ಮಾನ. ಹೇಳದಿದ್ದರೆ ಮಾಮ ಮೂರು ಗಂಟೆಯ ಬಸ್ಸಿಗೆ.

ಹನ್ನೊಂದು ಗಂಟೆಗೆ ಅವಳು ಎಲ್ಲರನ್ನೂ ಶೆಡ್ಡಿಗೆ ಕರೆದಳು. ಗೂಬೆಮರಿ ಕರೆದಳು ಎಂಬ ಆಶ್ಚರ್ಯಕ್ಕೇ ಎಲ್ಲರೂ ಬಂದರು. ಅಜ್ಜಿ ಕಿಟಕಿ ಮುಚ್ಚಿ ಬಂದಳು. ತಾತ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಬೆಳಕಿಗೆ ಬೆನ್ನು ಹಾಕಿ ಕುಳಿತರು. ಮಾಮ ಪೆಟ್ಟಿಗೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಮಾಮ ಕತ್ತರಿಸಿಲ್ಲ" ಎಂದಳು ಹುಡುಗಿ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು.

"ಮತ್ತೆ? ವಯರು ಬೇಜಾರಾಗಿ ತಾನೇ ತುಂಡಾಯ್ತಾ?" ಎಂದಳು ಅಜ್ಜಿ.

ಹುಡುಗಿ ಬೋಟಿನಿಂದ ಬಿಚ್ಚಿ ತಂದ ವಯರಿನ ತುಂಡನ್ನು ಮೇಜಿನ ಮೇಲೆ ಇಟ್ಟಳು. "ಅಜ್ಜಿ, ಈ ದಾರ ಯಾರು ಸುತ್ತಿದ್ದು?"

"ನಿಮ್ಮ ಮಾಮನೇ. ಬೆಳಿಗ್ಗೆ ಏನೋ ಸುತ್ತುತ್ತಾ ಕೂತಿದ್ರಲ್ಲ."

"ಅದು ಬಟ್ಟೆ. ಅತ್ತೆ, ನೀವು ಹೇಳಿ."

"ನಾನು ನಮ್ಮಪ್ಪ ಸುತ್ತಿರ್ಬೇಕು ಅಂದ್ಕೊಂಡೆ. ಎಳೆ ಬಿಚ್ಚದೆ ಇರಲಿ ಅಂತ, ಬೆಳಿಗ್ಗೆ."

"ಬೆಳಿಗ್ಗೆ ಯಾರೂ ಸುತ್ತಲಿಲ್ಲ. ಬೋಟಿಗೆ ಮೊದಲು ಇಳಿದಿದ್ದು ನಾನು. ಆಗಲೇ ದಾರ ಇತ್ತು." ಅವಳು ಉಸಿರು ತೆಗೆದುಕೊಂಡಳು. "ಈ ವಯರನ್ನ ಹಾಗೇ ಕಡಿದ್ರೆ ಎಳೆಗಳೆಲ್ಲ ಸಿಡಿದು ಪೊರಕೆ ಥರ ಅರಳ್ತವೆ. ಇದು ಅರಳಿಲ್ಲ. ಅಂದ್ರೆ ಮೊದಲು ಎರಡು ಕಡೆ ದಾರ ಕಟ್ಟಿ, ಆಮೇಲೆ ನಡುವೆ ಕಡಿದಿದ್ದಾರೆ. ಕೆಡಿಸೋಕೆ ಬಂದವರಿಗೆ ಅದು ಅರಳಿದ್ರೆ ಏನು, ಬಿಟ್ರೆ ಏನು?"

ಎಣ್ಣೆಬಟ್ಟೆಯ ಅಂಚಿನಲ್ಲಿ ಇಣುಕುತ್ತಿದ್ದ ನೀಲಿ ದಾರವನ್ನು ಎಲ್ಲರೂ ಬೆಳಿಗ್ಗೆಯೇ ನೋಡಿದ್ದರು. ಒಬ್ಬರು ಕಟ್ಟಿದ್ದೆಂದು ಇನ್ನೊಬ್ಬರು ತಿಳಿದುಕೊಂಡು ಕಣ್ಣು ಆಚೆ ಹಾಕಿದ್ದರು.

"ಮಾಮ ಯಾವತ್ತೂ ದಾರ ಕಟ್ಟಲ್ಲ. ಕಪ್ಪು ಟೇಪು ಸುತ್ತಿ ಹಲ್ಲಲ್ಲಿ ಕಚ್ಚಿ ಹರೀತಾರೆ. ಅತ್ತೆ ಕಟ್ಟಿದ್ರೆ ಗಂಟು ಹಾಕಿ ಕತ್ತರೀಲಿ ಕತ್ತರಿಸ್ತಾರೆ. ಇದಕ್ಕೆ ಗಂಟೇ ಇಲ್ಲ. ದಾರದ ಎರಡೂ ತುದಿ ಸುತ್ತಿನ ಕೆಳಗೇ ಎಳೆದು ಬಚ್ಚಿಟ್ಟಿದೆ. ಈ ಕಟ್ಟು ಬರೋದು ಇಬ್ಬರಿಗೇ." ಅವಳು ನಿಲ್ಲಿಸಿದಳು. "ಒಬ್ಬಳು ನಾನು."

ಮಾಮನ ಕೈಯಿಂದ ಸ್ಪ್ಯಾನರ್ ಜಾರಿ ಪೆಟ್ಟಿಗೆಯೊಳಗೆ ಬಿತ್ತು.

"ಸಾಕು ಬಿಡು. ನಾನೇ ಕತ್ತರಿಸಿದ್ದು. ಕೋಪ ಬಂತು, ಕತ್ತರಿಸ್ದೆ."

"ನಿಮಗೆ ಈ ಕಟ್ಟು ಬರಲ್ಲ ಮಾಮ."

"ಕಲ್ತೆ."

"ಯಾವಾಗ?"

"ನಿನ್ನೆ."

ಹುಡುಗಿ ಡ್ರಾಯರಿನಿಂದ ನೀಲಿ ದಾರ ತೆಗೆದು ಅವರ ಮುಂದೆ ಚಾಚಿದಳು. "ಒಂದು ಹಾಕಿ ತೋರಿಸಿ."

ಮಾಮ ದಾರವನ್ನು ತೆಗೆದುಕೊಂಡರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಒಂದು ಸುತ್ತು ಸುತ್ತಿದರು. ಹಲ್ಲಿನ ಹತ್ತಿರ ಒಯ್ದವರು ಅಲ್ಲೇ ತಡೆದರು. ಅತ್ತೆಗೆ ಅಳುವಿನ ನಡುವೆಯೂ ನಗು ಬಂತು.

"ಬೆಳಿಗ್ಗೆ ಈ ಕಟ್ಟು ನೋಡಿ ನಾನೇ ಕತ್ತರಿಸಿದ್ದು ಅಂದ್ಕೊಂಡ್ರಿ. ಅದಕ್ಕೆ ಬಟ್ಟೆ ಮುಚ್ಚಿದ್ರಿ. ಅಜ್ಜಿ ಅಷ್ಟು ಬೈದ್ರೂ ಅಲ್ಲ ಅನ್ನಲಿಲ್ಲ. ನನ್ನ ಹೆಸರು ಬರಬಾರದು ಅಂತ ಊರು ಬಿಟ್ಟು ಹೋಗೋಕೆ ಹೊರಟ್ರಿ."

ಮಾಮ ದಾರವನ್ನು ಉಂಡೆ ಮಾಡಿ ಮೇಜಿನ ಮೇಲೆ ಇಟ್ಟರು. ಅಜ್ಜಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಆದ್ರೆ ಕತ್ತರಿಸಿದ್ದು ನಾನಲ್ಲ. ಈ ಕಟರ್ ನೋಡಿ. ಒರೆಸಿ, ಎಣ್ಣೆ ಹಚ್ಚಿ ಇಟ್ಟಿದ್ದಾರೆ. ಮಾಮನ ಸಾಮಾನಿಗೆ ಯಾವತ್ತಾದ್ರೂ ಈ ಭಾಗ್ಯ ಇತ್ತಾ? ದಾರ ಡ್ರಾಯರಿಗೆ ಹೋಗಿದೆ. ಯಾರೋ ಕೆಲಸ ಮುಗಿಸಿ ಎಲ್ಲಾನೂ ಜಾಗಕ್ಕೆ ಇಟ್ಟಿದ್ದಾರೆ, ಕಟರ್ ಒಂದು ಬಿಟ್ಟು. ಮಾಮ ಅದನ್ನ ಹೊರಗೇ ಮರೆತು, ಪೆಟ್ಟಿಗೆಗೆ 'ಮುಟ್ಟಬೇಡಿ' ಅಂತ ಬೀಗ ಹಾಕಿ ಪೇಟೆಗೆ ಹೋಗಿದ್ರಲ್ಲ, ಅದಕ್ಕೆ ಮೇಲೇ ಇಟ್ರು. ಆಮೇಲೆ ವಯರು ಕಡಿದ ಜಾಗ. ಬೋಟಿನ ಕೆಲಸ ಗೊತ್ತಿದ್ದವರು ಚಕ್ರದ ಕೆಳಗೆ ಮಲಗಿ ಉರುಳೆ ಹತ್ರ ಕಡೀತಾರೆ, ಯಾರಿಗೂ ಕಾಣಲ್ಲ. ಇವರು ಬೆಂಚಿನ ಮೇಲೆ ಕೂತ್ಕೊಂಡು ಕಡಿದಿದ್ದಾರೆ. ಕೆಳಗೆ ಮಲಗಿದ್ರೆ ಏಳೋಕಾಗಲ್ಲ. ಮೊಣಕಾಲು."

ಶೆಡ್ಡಿನಲ್ಲಿ ಎಲ್ಲರ ತಲೆ ಒಟ್ಟಿಗೆ ಬಾಗಿಲ ಕಡೆ ತಿರುಗಿತು.

"ನನಗೆ ಈ ಕಟ್ಟು ಕಲಿಸಿದವರು ತಾತ. ಕತ್ತರಿಸಿದ್ದೂ ತಾತ."

ಅಜ್ಜಿ ಒಂದು ಹೆಜ್ಜೆ ಮುಂದೆ ಬಂದಳು.

"ಏನ್ರೀ ಇದು? ಬೇಡ ಬೇಡ ಅಂತ ಹತ್ತು ದಿನ ಮನೆ ತಲೆ ಮೇಲೆ ಎತ್ತಿದ್ದೋರು ನೀವೇ ಅಲ್ವಾ?"

"ಅಂದಿದ್ದೆ" ಎಂದರು ತಾತ. "ತುಂಡಾಗೋವರೆಗೂ ಅಂತ ಅಂದಿದ್ದೆ. ಎಲ್ಲರ ಎದುರಿಗೆ. ಅದಾದ ಮೇಲೆ ಗಾಳಿ ದಿನ ಇವಳ ಕೈಗೆ ಚಕ್ರ ಕೊಟ್ಟೆ. ಒದೀತು. ಇವಳು ಒಂದು ಮಾತು ಆಡಲಿಲ್ಲ, ಆಚೆ ದಡ ಮುಟ್ಟಿಸಿದ್ಲು. ಮಾರನೇ ದಿನದಿಂದ ಲೋಟ ಎಡಗೈಲಿ ಎತ್ತುತ್ತಾಳೆ. ಬೇಸಗೇಲಿ ಉದ್ದ ತೋಳಿನ ಅಂಗಿ. ಗೂಬೆಮರಿ ಒಬ್ಬಳಿಗೇ ಕಣ್ಣಿರೋದಾ?"

ಹುಡುಗಿ ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

"ಮಾತು ಹಿಂದಕ್ಕೆ ತಗೊಳ್ಳೋದು ನನಗೆ ಗೊತ್ತಿಲ್ಲ. ತುಂಡಾಗಬೇಕಿತ್ತು. ತುಂಡು ಮಾಡ್ದೆ."

"ಅಷ್ಟು ದೊಡ್ಡ ಸತ್ಯವಂತರು ಬೆಳಿಗ್ಗೆ ಯಾಕೆ ಕಲ್ಲಿನ ಮೇಲೆ ಕಲ್ಲಾಗಿ ಕೂತಿದ್ರಿ? ನಾನು ಅಳಿಯಂದಿರನ್ನ ಬಾಯಿಗೆ ಬಂದ ಹಾಗೆ ಅಂತಾ ಇದ್ನಲ್ಲ?"

ತಾತನ ತಲೆ ಮೊದಲ ಸಲ ತಗ್ಗಿತು. ಹಳೇ ವಯರು, ತಾನಾಗಿ ಹೋಯಿತು ಎಂದು ಹೇಳೋಣವೆಂದಿದ್ದರಂತೆ. ಅಷ್ಟರಲ್ಲಿ ಅಜ್ಜಿ ಅಳಿಯನ ಹೆಸರು ಎತ್ತಿಯಾಗಿತ್ತು. ನಿಜ ಹೇಳಲು ಬಾಯಿ ತೆಗೆದರೆ ಎದುರಿಗೆ ಕೆಂಪು ಟೋಪಿ ಕೆನ್ನೆ ಹಿಡಿದುಕೊಂಡು ನಿಂತಿದ್ದ. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಎನ್ನುತ್ತಲೇ ಹೊತ್ತು ಏರಿತ್ತು. "ನೀನಾದ್ರೂ ಅಲ್ಲ ಅಂತ ಒಂದು ಮಾತು ಹೇಳ್ತೀಯ ಅಂತ ಕಾದೆ ಕಣಯ್ಯಾ" ಎಂದರು ಮಾಮನಿಗೆ. "ನೀನು ಹೇಳ್ಲೇ ಇಲ್ಲ. ನನಗೆ ದಾರಿ ತಪ್ಪಿಹೋಯ್ತು. ತಪ್ಪು ನನ್ನದು."

ತಾತನ ಬಾಯಿಂದ ಆ ಕೊನೆಯ ಮಾತು ಮನೆಯವರು ಯಾರೂ ಕೇಳಿದ್ದಿಲ್ಲ. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಮಾಮನಿಗೆ ತಿಳಿಯಲಿಲ್ಲ. ಕಟರನ್ನು ಕೈಗೆತ್ತಿಕೊಂಡು, ಹೊಳೆಯುವ ಹಿಡಿಕೆಯನ್ನು ನೋಡುತ್ತ ನಿಂತರು.

"ಕತ್ತರಿಸಿದ್ದು ಕತ್ತರಿಸಿದ್ರಿ ಮಾವ. ದಾರ ಯಾಕೆ ಕಟ್ಟಿದ್ರಿ? ಕಟ್ಟದೆ ಇದ್ದಿದ್ರೆ ಸಿಕ್ಕಿಬೀಳ್ತಾನೇ ಇರಲಿಲ್ಲ."

ತಾತ ಇದೆಂಥ ಪ್ರಶ್ನೆ ಎನ್ನುವಂತೆ ಅವರನ್ನು ನೋಡಿದರು.

"ಬೆಳಿಗ್ಗೆ ಮೊದಲು ಅಲ್ಲಿ ಕೈ ಹಾಕೋದು ಇವಳು. ಎಳೆ ಚುಚ್ಚಿದ್ರೆ?"

ಅತ್ತೆ ಎದ್ದುಹೋಗಿ, ಮಾಮ ಕಟ್ಟಿಟ್ಟಿದ್ದ ಸಾಮಾನುಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು. ಅಜ್ಜಿ ಹೋದವಳು ಹೊಸ ಚಹಾ ಮಾಡಿ ತಂದಳು. ಎಲ್ಲರಿಗೂ ಮೊದಲು ಅಳಿಯನಿಗೆ ಕೊಟ್ಟಳು, ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ. ಮಾಮ ಒಂದು ಗುಟುಕು ಕುಡಿದು ಮುಖ ಹಿಂಡಿದರು, ಆದರೂ ಪೂರ್ತಿ ಕುಡಿದರು. ಕ್ಷಮೆ ಕೇಳುವುದೂ ಕೊಡುವುದೂ ಅಲ್ಲಿಗೆ ಮುಗಿಯಿತು. ಜೆಟ್ಟಿಯಲ್ಲಿ ಯಾರು ಕೇಳಿದರೂ ಅಜ್ಜಿಯದು ಒಂದೇ ಉತ್ತರ: ವಯಸ್ಸಾಗಿತ್ತು, ಹೋಯಿತು. ವಯರಿನ ಬಗ್ಗೆ ಹೇಳುತ್ತಿದ್ದಾಳೋ ಇನ್ನಾವುದರ ಬಗ್ಗೆಯೋ ಎಂದು ಕೆಂಪು ಟೋಪಿಗೆ ಕೊನೆಗೂ ತಿಳಿಯಲಿಲ್ಲ.

ರಟ್ಟಿನ ಪೆಟ್ಟಿಗೆಯನ್ನು ತಾತನೇ ಒಡೆದರು.

ಎರಡು ದಿನ ಬೋಟಿನಲ್ಲಿ ಸುತ್ತಿಗೆಯ ಸದ್ದು. ಹಳೆಯ ರಾಟೆಗಳು ಕಳಚಿದವು. ಕೊಳವೆಗಳು ಬೆಂಚಿನ ಕೆಳಗೆ ಹಾವಿನಂತೆ ಹರಿದವು. ಮಾಮ ಎಣ್ಣೆ ತುಂಬಿಸಿದರು. ಒಳಗೆ ಸಿಕ್ಕ ಗಾಳಿ ಗುಳ್ಳೆಗುಳ್ಳೆಯಾಗಿ ಬಂದು ಮುಗಿಯುವವರೆಗೆ ಹುಡುಗಿ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಲೇ ಇದ್ದಳು. ತಾತ ಪ್ರತಿ ನಟ್ಟನ್ನೂ ಮುಟ್ಟಿ ನೋಡಿದರು. ಒಂದು ಕಡೆ ಎಣ್ಣೆ ಜಿನುಗುತ್ತಿದೆ ಎಂದು ಕಂಡುಹಿಡಿದವರೂ ಅವರೇ. ಕಂಡುಹಿಡಿದ ಖುಷಿಯಲ್ಲಿ ಅರ್ಧ ದಿನ ಅದನ್ನೇ ಹೇಳಿಕೊಂಡು ಓಡಾಡಿದರು.

ಗುರುವಾರ ಬೆಳಿಗ್ಗೆ ಅಧಿಕಾರಿ ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಒಂದು ಸುತ್ತು ಹೋಗಿಬರೋಣ ಎಂದರು ಮಾಮ. ಎಂಜಿನ್ ಗುರುಗುಟ್ಟಿತು. ಅತ್ತೆ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. ತಾತ ಮೊಣಕಾಲು ಹಿಡಿದುಕೊಂಡು ಬೋಟಿಗೆ ಇಳಿದರು.

ಚಕ್ರದ ಹಿಂದಿನ ಸೀಟು ಖಾಲಿ ಇತ್ತು. ಹುಡುಗಿ ಅದರ ಪಕ್ಕ ನಿಂತು ದಾರಿ ಬಿಟ್ಟಳು. ತಾತ ಅದನ್ನು ದಾಟಿ ನಡೆದರು. ನರ್ಸುಗಳು ಕೂರುವ ಎರಡನೆಯ ಬೆಂಚಿಗೆ ಹೋಗಿ, ಅಂಚಿಗೆ ಸರಿದು, ಟಿಕೆಟ್ ತೆಗೆದುಕೊಂಡವರಂತೆ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ನಲವತ್ತು ವರ್ಷದಲ್ಲಿ ಅವರು ಆ ಬೆಂಚಿನ ಮೇಲೆ ಕುಳಿತದ್ದು ಅದೇ ಮೊದಲು.

ಹುಡುಗಿ ಒಂದು ಕ್ಷಣ ಕಾದಳು. ಮಾಮ ಎಂಜಿನ್ನಿನ ಮೇಲೆ ಬಗ್ಗಿ ಏನನ್ನೋ ನೋಡುತ್ತಿರುವ ಹಾಗೆ ಮಾಡಿದರು. ಅತ್ತೆ ಹಗ್ಗವನ್ನೇ ನೋಡುತ್ತಿದ್ದಳು. ತಾತ ನೀರಿನ ಕಡೆ ಮುಖ ಮಾಡಿದ್ದರು.

"ತಾತ" ಎಂದಳು ಹುಡುಗಿ, ಎಂಜಿನ್ನಿನ ಸದ್ದಿಗಿಂತ ಸ್ವಲ್ಪ ಜೋರಾಗಿ. "ಮೊದಲನೇ ಸಲ ನೀವು ಹಿಡ್ಕೊಳ್ಳಿ."